ಹುಲ್ಲಿನ ರೋಲು, ಹೊರಗಿನ ಎರಡು ಇಂಚು ಮತ್ತು ಒಂದು ತಿಂಗಳ ಮೇವು

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಿನ ಅನುಕೂಲಕ್ಕಾಗಿ ಮಾತನ್ನು ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ವಿಷಯ ಕೇಳಿ ನಗಬ್ಯಾಡ್ರಿ. ವಿಷಯ ಹುಲ್ಲು. ಹುಲ್ಲನ್ನ ಹೆಂಗ ಇಡಬೇಕು ಅನ್ನೋದು.

ಡಿಸೆಂಬರ್, ಜನವರಿ ಮುಂಜಾನೆ ಕಲಬುರಗಿಯ ಹುಮನಾಬಾದ್ ಬೇಸ್ ಹತ್ತಿರ ಚಹಾ ಕುಡೀತಾ ನಿಂತರೆ ಒಂದು ದೃಶ್ಯ ಕಾಣ್ತದೆ. ಲಾರಿ ತುಂಬ, ಲಾರಿಗಿಂತ ಅಗಲವಾಗಿ, ದುಂಡನೆಯ ಹುಲ್ಲಿನ ಉಂಡೆಗಳು. ಒಂದರ ಮೇಲೊಂದು ಪೇರಿಸಿ ಹಗ್ಗ ಬಿಗಿದಿರ್ತಾರೆ. ಇದಕ್ಕೆ ನಮ್ಮ ಕಡೆ ಜನ ಸುಮ್ಮನೆ 'ರೋಲು' ಅಂತಾರೆ. ಬಹಳಷ್ಟು ಬರೋದು ತುಂಗಭದ್ರಾ ನೀರಾವರಿ ಸೀಮೆಯಿಂದ. ಅಲ್ಲಿ ಭತ್ತವನ್ನ ಯಂತ್ರ ಕೊಯ್ಯುತ್ತೆ, ಹೊಲದಲ್ಲಿ ಬಿದ್ದ ಹುಲ್ಲನ್ನ ಇನ್ನೊಂದು ಯಂತ್ರ ಸುರುಳಿ ಸುತ್ತಿ ದಾರ ಬಿಗಿದು ಉಗುಳುತ್ತೆ. ಲಾರಿ ಹುಮನಾಬಾದ್ ರಸ್ತೆ ಹಿಡಿದು, ಮಹಾಗಾಂವ್ ಕ್ರಾಸ್ ದಾಟಿ, ಕಮಲಾಪುರದ ಕಡೆ ಹೋಗ್ತದೆ.

ಎರಡು ವರ್ಷದ ಹಿಂದೆ ಅಂಥದ್ದೇ ಒಂದು ಲಾರಿಯಿಂದ 80 ರೋಲು ಕಮಲಾಪುರದ ಹತ್ತಿರ ಇರೋ ನಮ್ಮ ಕಾಕಾನ ಹೊಲದಾಗ ಇಳೀತು. ಅವನ್ನ ಎಲ್ಲಿ ಇಡಬೇಕು ಅಂತ ಕಾಕಾ ಫೋನ್ ಮಾಡಿ ಕೇಳಿದ್ರು. ನಾನು ಕಲಬುರಗಿಯ ರೂಮಿನಲ್ಲಿ ಕೂತು ಹೇಳಿದೆ: "ಕಾಕಾ, ಏನೂ ಚಿಂತಿ ಮಾಡಬ್ಯಾಡ್ರಿ. ವಿಡಿಯೋದಾಗ ನೋಡೀನಿ, ಹೊರದೇಶದಾಗ ಹೊಲದಾಗೇ ಬಿಡ್ತಾರ. ದುಂಡಗ ಇರ್ತದಲ್ಲ, ನೀರು ಜಾರಿ ಹೋಗ್ತದ."

ಆ ಮಾತಿನ ಬೆಲೆ ಎಷ್ಟಾಯ್ತು ಅನ್ನೋದೇ ಈ ಸಂಚಿಕೆ.

ನಮ್ಮ 'ಚಳಿಗಾಲ' ಬೇಸಿಗೆಯಲ್ಲಿ ಬರ್ತದೆ

ಮೊದಲು ಒಂದು ಹಿನ್ನೆಲೆ. ಹಿಮ ಬೀಳೋ ದೇಶಗಳಲ್ಲಿ ಹುಲ್ಲು ಕೂಡಿಡೋದು ಚಳಿಗಾಲಕ್ಕೆ. ಹೊಲದ ಮೇಲೆ ಹಿಮ ಕೂತಾಗ ದನಕ್ಕೆ ಮೇಯಲು ಏನೂ ಇರಲ್ಲ. ನಮ್ಮಲ್ಲಿ ಆ ಖಾಲಿ ಕಾಲ ಬರೋದು ಬ್ಯಾಸಿಗಿಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಬಿಸಿಲು 40 ಡಿಗ್ರಿ ದಾಟಿ ಕೂತಿರ್ತದೆ, ಬದುವಿನ ಮೇಲೆ ಒಂದು ಹಸಿರು ಕಡ್ಡಿ ಇರಲ್ಲ. ಮಳೆ ಬಿದ್ದು ಹುಲ್ಲು ಚಿಗುರಿ ದನದ ಬಾಯಿಗೆ ಸಿಗೋ ಹೊತ್ತಿಗೆ ಜುಲೈ. ಹಂಗಾಗಿ ಸುಮಾರು 100 ದಿನದ ಮೇವು ಮನೇಲಿ ಇರಲೇಬೇಕು.

ಈಗ ಲೆಕ್ಕ ಮಾಡೋಣ. ದನಕ್ಕೆ ದಿನವೊಂದಕ್ಕೆ ಅದರ ತೂಕದ ಸುಮಾರು ನೂರಕ್ಕೆ ಎರಡರಷ್ಟು ಒಣಮೇವು ಬೇಕು ಅಂತ ಇಟ್ಕೊಳ್ಳಿ. 400 ಕಿಲೋ ಎತ್ತಿಗೆ 8 ಕಿಲೋ. ಜೋಡಿಗೆ 16 ಕಿಲೋ. ನೂರು ದಿನಕ್ಕೆ 1,600 ಕಿಲೋ. ರೋಲೊಂದು 20 ಕಿಲೋ ಇದ್ದರೆ 80 ರೋಲು. ಕಾಕಾ ಇಳಿಸಿಕೊಂಡಿದ್ದು ಸರಿಯಾಗಿ ಇಷ್ಟೇ, ಒಂದು ಜೋಡಿ ಎತ್ತಿಗೆ. ಮನೇಲಿ ಒಂದು ಮಣಕವೂ ಇತ್ತು. ಅದಕ್ಕೆ ತೊಗರಿ ಹೊಟ್ಟು, ಉಳಿದಿದ್ದ ಸ್ವಲ್ಪ ಕಣಕಿ ಸಾಕು ಅಂತ ಅವರ ಅಂದಾಜು.

ಕಣಕಿ ಅಂದ್ರೆ ಏನು ಅಂತ ಬೆಂಗಳೂರು ಕಡೆಯ ಗೆಳೆಯರು ಕೇಳಬಹುದು. ತೆನೆ ಮುರಿದ ಮೇಲೆ ಉಳಿಯೋ ಜೋಳದ ದಂಟು, ಎಲೆ ಸಮೇತ ಒಣಗಿಸಿದ್ದು. ನಮ್ಮ ಎರಿ ಭೂಮಿಯಲ್ಲಿ ಹಿಂಗಾರಿ ಜೋಳ ಬಿತ್ತೋದು ರೊಟ್ಟಿಗೆ ಎಷ್ಟೋ, ಕಣಕಿಗೂ ಅಷ್ಟೇ. ಮಾಲದಂಡಿ ಜೋಳ ಇವತ್ತಿಗೂ ಉಳಿದಿರೋದಕ್ಕೆ ಅದರ ಎತ್ತರದ, ದನ ಇಷ್ಟಪಟ್ಟು ತಿನ್ನೋ ದಂಟೂ ಒಂದು ಕಾರಣ. ಆದರೆ ಕಲಬುರಗಿ ಈಗ ತೊಗರಿ ಕಣಜ. ತೊಗರಿಗೆ ರೊಕ್ಕ ಬರ್ತದೆ, ಜೋಳ ಕೊಯ್ಯೋಕೆ ಆಳು ಸಿಗಲ್ಲ. ಜೋಳ ಕಡಿಮೆ ಆದಂಗೆ ಕಣಕಿಯೂ ಕಡಿಮೆ ಆಯ್ತು. ಅದರ ಮೇಲೆ 2023ರಂಥ ವರ್ಷ ಬಂದರೆ ಮುಗೀತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನ ಸರ್ಕಾರ ಬರಪೀಡಿತ ಅಂತ ಘೋಷಿಸಿತ್ತು. ಕಣಕಿ ಇಲ್ಲದ ಮನೆಗೆ ರೋಲು ಬರೋದು ಹಿಂಗೆ.

ನಾನು ನೋಡಿದ್ದ ವಿಡಿಯೋ ಹೇಳದೇ ಬಿಟ್ಟಿದ್ದು

ಈಗ ನಾವು ರೀಲ್ಸ್‌ನಲ್ಲಿ ನೋಡೋ ಆ ದೊಡ್ಡ ರೋಲುಗಳ ಕತೆ. 1971ರಲ್ಲಿ ಅಮೆರಿಕದ ಅಯೋವಾ ರಾಜ್ಯದ ವರ್ಮೀರ್ ಕಂಪನಿ ಆಳೆತ್ತರದ ರೋಲು ಸುತ್ತೋ ಯಂತ್ರ ಮಾಡಿತು. ಒಬ್ಬನೇ ಮನುಷ್ಯ ಟ್ರ್ಯಾಕ್ಟರ್ ಮೇಲೆ ಕೂತು ಇಡೀ ಹೊಲದ ಹುಲ್ಲು ಕಟ್ಟಬಹುದು, ಅದೇ ಅದರ ದೊಡ್ಡ ಲಾಭ. ಒಂದೊಂದು ರೋಲು ಐದಾರು ಅಡಿ ಅಡ್ಡಗಲ, ನೂರಾರು ಕಿಲೋ ತೂಕ. ಬಿಗಿಯಾಗಿ ಸುತ್ತಿದ ಸಣ್ಣ ಎಳೆಯ ಹುಲ್ಲು ಮನೆಯ ಹುಲ್ಲು ಮಾಡಿನ ಹಂಗೆ ಸ್ವಲ್ಪ ನೀರನ್ನ ಜಾರಿಸುತ್ತೆ, ನಿಜ. ಆದರೂ ಅಲ್ಲಿನ ಬುದ್ಧಿವಂತ ರೈತರು ಅದನ್ನ ಶೆಡ್ಡಿನೊಳಗೆ ಇಡ್ತಾರೆ, ಇಲ್ಲಾ ಪ್ಲಾಸ್ಟಿಕ್ ಸುತ್ತುತ್ತಾರೆ. ವಿಡಿಯೋದಲ್ಲಿ ಕಾಣೋದು ಬಂಗಾರದ ಬಣ್ಣದ ಹೊಲ ಮಾತ್ರ.

ನಮ್ಮಲ್ಲಿ ಬರೋದು ಸಣ್ಣ ರೋಲು. ಸುಮಾರು ಎರಡು ಅಡಿ ಅಡ್ಡಗಲ, ಎರಡೂವರೆಯಿಂದ ಮೂರು ಅಡಿ ಉದ್ದ. ಇಬ್ಬರು ಎತ್ತಬಹುದು, ಗಟ್ಟಿ ಆಳು ಒಬ್ಬನೇ ಉರುಳಿಸಬಹುದು. ಈ ಸಣ್ಣತನದಲ್ಲೇ ಅಪಾಯ ಇರೋದು.

ಫೋನಿನ ಕ್ಯಾಲ್ಕ್ಯುಲೇಟರ್ ತೆಗೀರಿ. ರೋಲಿನ ಅಡ್ಡಗಲ 24 ಇಂಚು. ಮಳೆಗೆ ಸುತ್ತಲೂ ಹೊರಗಿನ ಬರೀ ಎರಡು ಇಂಚು ಕೊಳೆಯಿತು ಅಂತ ಇಟ್ಕೊಳ್ಳಿ. ಒಳಗೆ ಉಳಿಯೋದು 20 ಇಂಚು. 20 ಭಾಗಿಸು 24, ಬಂದದ್ದನ್ನ ಅದರಿಂದಲೇ ಗುಣಿಸಿ. 0.69 ಬರ್ತದೆ. ಅಂದ್ರೆ ನೂರಕ್ಕೆ 30 ಭಾಗ ಹುಲ್ಲು ಹೋಯ್ತು. ನಾಲ್ಕು ಇಂಚು ಕೊಳೆತರೆ ಅರ್ಧಕ್ಕಿಂತ ಹೆಚ್ಚು ಹೋಯ್ತು. ರೋಲಿನ ಎರಡು ತುದಿಯ ಲೆಕ್ಕ ಇದರಲ್ಲಿ ಹಿಡಿದೇ ಇಲ್ಲ.

ದುಂಡು ವಸ್ತುವಿನ ಗುಣವೇ ಹಂಗೆ. ನಮ್ಮ ಕಣ್ಣು ನಡುಭಾಗವನ್ನ ನೋಡಿ 'ಇನ್ನೂ ಬಹಳ ಅದ' ಅನ್ನುತ್ತೆ. ಆದರೆ ಸುರುಳಿಯಲ್ಲಿ ಹೊರಗಿನ ಸುತ್ತು ಅತಿ ಉದ್ದ, ಒಳಗಿನ ಸುತ್ತು ಅತಿ ಗಿಡ್ಡ. ಹುಲ್ಲು ಹೆಚ್ಚಾಗಿ ಇರೋದೇ ಸಿಪ್ಪೆಯಲ್ಲಿ.

ಕಾಕಾನ ಹೊಲದಲ್ಲಿ ಆಗಿದ್ದು ಇದೇ. ಜನವರಿಯಿಂದ ರೋಲುಗಳು ಬರಿ ನೆಲದ ಮೇಲೆ ಕೂತಿದ್ವು. ಏಪ್ರಿಲ್‌ನಲ್ಲಿ ಎರಡು ಸಲ ಅಕಾಲಿಕ ಮಳೆ ಹೊಡೀತು. ಮೇಲಿನ ಭಾಗ ಎರಡು ಮೂರು ದಿನದ ಬಿಸಿಲಿಗೆ ಒಣಗಿ ಚೆಂದ ಕಾಣ್ತು. ಮೇ ತಿಂಗಳಲ್ಲಿ ಉರುಳಿಸಿ ನೋಡಿದರೆ ಕೆಳಭಾಗ ಕರ್ರಗೆ, ಅಂಟಂಟು, ಮೂಗು ಮುಚ್ಚಿಕೊಳ್ಳೋ ವಾಸನೆ. ಎರಿ ಮಣ್ಣು ನೀರನ್ನ ಬೇಗ ಬಿಡಲ್ಲ, ನಿಮಗೂ ಗೊತ್ತು. ಮೇಲಿನಿಂದ ಬಿದ್ದ ಮಳೆಗಿಂತ ಕೆಳಗಿನಿಂದ ಹೀರಿದ ತೇವ ಹೆಚ್ಚು ಹಾಳು ಮಾಡಿತ್ತು.

ನೂರು ದಿನದ ಮೇವಿನಲ್ಲಿ ನೂರಕ್ಕೆ ಮೂವತ್ತು ಹೋದರೆ ಒಂದು ತಿಂಗಳ ಮೇವು ಹೋದಂಗೆ. ಅದೂ ಯಾವ ತಿಂಗಳು? ಬಿತ್ತನೆಯ ತಿಂಗಳು. ಎತ್ತಿಗೆ ಮೈತುಂಬ ಕಸುವು ಬೇಕಾದ ಜೂನ್. ಆಗ ಮೇವಿನ ರೇಟು ಏರಿರ್ತದೆ. ಕಾಕಾ ಎತ್ತು ಉಳಿಸಿಕೊಂಡ್ರು. ಮಣಕನ್ನ ಸಂತೆಗೆ ಹೊಡ್ಕೊಂಡು ಹೋದ್ರು. ಮುಂದಿನ ವರ್ಷ ಕರು ಹಾಕಬೇಕಿದ್ದ ಮಣಕ. ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಬಣಮಿ ಅನ್ನೋ ಗೋಡೆಯಿಲ್ಲದ ಗೋದಾಮು

ಇಲ್ಲಿ ನನಗೊಂದು ಪ್ರಶ್ನೆ ಹುಟ್ಟಿತು. ನಮ್ಮ ಅಜ್ಜನ ಕಾಲದಲ್ಲಿ ಶೆಡ್ಡು ಇರಲಿಲ್ಲ. ಕಣಕಿ ಬಯಲಲ್ಲೇ ಇರ್ತಿತ್ತು. ಮಳೆಗಾಲ ಪೂರ್ತಿ ತೊಯ್ದರೂ ಅದು ಹೆಂಗ ಉಳೀತಿತ್ತು?

ಕಾಕಾ ಹೇಳಿದ ಉತ್ತರ: "ತಮ್ಮಾ, ಒಂದೊಂದು ಸಿವುಡು ಬ್ಯಾರೆ ಬ್ಯಾರೆ ಬಿಟ್ರ ಅವೂ ಕೊಳೀತಾವ. ಎಲ್ಲಾ ಕೂಡಿಸಿ ಬಣಮಿ ಒಟ್ಟಿದ್ರ ಮಾತ್ರ ಉಳೀತಾವ."

ಸಿವುಡು ಅಂದ್ರೆ ಕಣಕಿಯ ಕಟ್ಟು. ಬಣಮಿ, ಬಣವಿ, ಬಣವೆ ಅಂದ್ರೆ ಅವುಗಳ ಒಟ್ಟಿಲು. ಇದನ್ನೂ ಲೆಕ್ಕ ಹಾಕಿ ನೋಡಿದೆ. 20 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಬಣಮಿ ಅಂತ ಇಟ್ಕೊಳ್ಳಿ. ನಾಲ್ಕೂ ಬದಿ ಮತ್ತು ಮೇಲ್ಭಾಗದಲ್ಲಿ ಅದೇ ಎರಡು ಇಂಚು ಕೊಳೆಯಿತು ಅಂದ್ರೆ ಹೋಗೋದು ನೂರಕ್ಕೆ ಆರೂವರೆ ಭಾಗ. ಬಿಡಿ ರೋಲಿಗೆ 30, ಬಣಮಿಗೆ ಆರೂವರೆ. ಮಳೆ ಅದೇ, ಎರಡು ಇಂಚೂ ಅದೇ. ಹೊರಮೈ ಕಡಿಮೆ ಆದಷ್ಟೂ ನಷ್ಟ ಕಡಿಮೆ.

ಒಟ್ಟೋ ರೀತಿಯಲ್ಲೂ ಬುದ್ಧಿ ಇದೆ. ಅಡಿಗೆ ಕಲ್ಲು, ಅದರ ಮೇಲೆ ತೊಗರಿ ಕಟ್ಟಿಗಿ ಹಾಸ್ತಾರೆ, ನೆಲದ ತೇವ ಮೇಲೇರದಂಗೆ. ಒಟ್ಟುವಾಗ ನಡುಭಾಗ ಯಾವಾಗಲೂ ಅಂಚಿಗಿಂತ ಎತ್ತರ. ಹಂಗಾಗಿ ಪ್ರತಿ ಸಿವುಡೂ ಹೊರಗಡೆಗೆ ಸ್ವಲ್ಪ ಇಳಿಜಾರು. ನೀರು ಒಳಗೆ ಹೋಗದೆ ದಂಟಿನ ಗುಂಟ ಹೊರಕ್ಕೆ ಜಾರುತ್ತೆ. ಮೇಲೆ ಮನೆಯ ಮಾಡಿನಂತೆ ಚೂಪು ಮಾಡಿ, ಕಳಪೆ ಕಣಕಿ ಹೊದಿಸಿ, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಡ್ತಾರೆ. ಕೆಳಗೆ ಅಡಿಪಾಯ, ಸುತ್ತ ಗೋಡೆ, ಮೇಲೆ ಮಾಡು, ಮೂರನ್ನೂ ಮೇವಿನಿಂದಲೇ ಕಟ್ಟಿದ ಗೋದಾಮು ಅದು.

ರೋಲಿಗೆ ಇದ್ಯಾವುದೂ ಇಲ್ಲ. ಯಂತ್ರ ಅದನ್ನ ಸಾಗಿಸೋಕೆ ಅಂತ ಸುತ್ತಿದೆ. ಕಾಯೋ ಕೆಲಸ ನಮಗೆ ಬಿಟ್ಟಿದೆ.

ಶೆಡ್ಡಿನೊಳಗೆ ಒಯ್ಯೋ ಮೊದಲು

ಸರಿ, ಹಂಗಾದ್ರೆ ಎಲ್ಲಾ ರೋಲು ಪತ್ರಾಸಿನ ಶೆಡ್ಡಿಗೆ ತುಂಬಿ ಬಾಗಿಲು ಹಾಕಿಬಿಡೋಣ ಅಂದ್ರಾ? ನಿಲ್ರಿ. ಇಲ್ಲಿ ಇನ್ನೂ ದೊಡ್ಡ ಅಪಾಯ ಇದೆ.

ಹಸಿ ಇರೋ ಹುಲ್ಲು ಸತ್ತ ವಸ್ತು ಅಲ್ಲ. ಅದರೊಳಗೆ ಬೂಸ್ಟು, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಕೆಲಸ ಮಾಡ್ತಿರ್ತವೆ. ಅವು ಉಸಿರಾಡಿದಂಗೆ ಶಾಖ ಹುಟ್ಟುತ್ತೆ. ತಿಪ್ಪೆಯೊಳಗೆ ಕೈ ಹಾಕಿದ್ರೆ ಬೆಚ್ಚಗೆ ಇರ್ತದಲ್ಲ, ಅದೇ ಶಾಖ. ಒಂದು ರೋಲು ಬಯಲಲ್ಲಿ ಇದ್ದರೆ ಶಾಖ ಗಾಳಿಗೆ ಹೋಗ್ತದೆ. 80 ಹಸಿ ರೋಲು ಒತ್ತಿ ಒತ್ತಿ ಪೇರಿಸಿದರೆ ನಡುವಿನ ಶಾಖಕ್ಕೆ ದಾರಿ ಇಲ್ಲ. 55, 60 ಡಿಗ್ರಿ ಆಗ್ತದೆ. ಅದು 70, 80ರ ಕಡೆ ಏರಿದರೆ ಹುಲ್ಲು ಬೆಂಕಿ ಕಡ್ಡಿ ಇಲ್ಲದೆಯೇ ಹೊತ್ತಿಕೊಳ್ಳೋ ಹಂತಕ್ಕೆ ಹೋಗಬಹುದು. ಈ ಅಪಾಯ ಹೆಚ್ಚು ಇರೋದು ಪೇರಿಸಿದ ಮೊದಲ ಎರಡು ಮೂರು ವಾರ.

ಹಂಗಾಗಿ ಕೊಳ್ಳುವಾಗಲೇ ತೇವ ನೋಡಬೇಕು. ಸಂಗ್ರಹಕ್ಕೆ 15 ಪರ್ಸೆಂಟ್ ಒಳಗೆ ಇದ್ದರೆ ನಿಶ್ಚಿಂತೆ. ನೋಡೋದು ಹೆಂಗೆ? ರೋಲಿನ ಹೊರಗಿನದು ಬಿಟ್ಟು ಒಳಗೆ ಕೈ ತೂರಿಸಿ ಒಂದು ಹಿಡಿ ಹುಲ್ಲು ಎಳೀರಿ. ತಿರುಚಿರಿ. ಚಟಚಟ ಮುರಿದರೆ ಒಣಗಿದೆ. ಹಗ್ಗದ ಹಂಗೆ ತಿರುಚಿಕೊಂಡರೆ ಹಸಿ ಇದೆ.

ಇನ್ನೊಂದು ಅಡುಗೆಮನೆ ಪ್ರಯೋಗ. ಪುಡಿ ಉಪ್ಪನ್ನ ಬಾಣಲೆಯಲ್ಲಿ ಹುರಿದು ಆರಿಸಿಕೊಳ್ಳಿ. ಒಣ ಗಾಜಿನ ಬಾಟಲಿಗೆ ಸಣ್ಣಗೆ ಕತ್ತರಿಸಿದ ಹುಲ್ಲು ಹಾಕಿ, ಎರಡು ಚಮಚ ಉಪ್ಪು ಸೇರಿಸಿ, ಮುಚ್ಚಳ ಬಿಗಿದು ಒಂದೆರಡು ನಿಮಿಷ ಅಲ್ಲಾಡಿಸಿ. ಉಪ್ಪು ಗಂಟಾಗಿ ಗಾಜಿಗೆ ಅಂಟಿಕೊಂಡರೆ ಹುಲ್ಲಿನಲ್ಲಿ ತೇವ ಜಾಸ್ತಿ. ಪುಡಿಯಾಗೇ ಉದುರಿದರೆ ಒಳಗೆ ಇಡಬಹುದು. ಅಂದಾಜಿಗೆ ಇದು ಸಾಕು.

ರೊಕ್ಕದ ದೃಷ್ಟಿಯಿಂದಲೂ ಇದು ಮುಖ್ಯ. 20 ಕಿಲೋ ರೋಲಿನಲ್ಲಿ 30 ಪರ್ಸೆಂಟ್ ತೇವ ಇದ್ದರೆ ನೀವು 6 ಕಿಲೋ ನೀರು ಕೊಂಡಿದ್ದೀರಿ. ಒಂದೇ ಅಳತೆಯ ರೋಲುಗಳಲ್ಲಿ ಒಂದು ವಿಪರೀತ ಭಾರ ಅನಿಸಿದರೆ ಖುಷಿಪಡಬ್ಯಾಡ್ರಿ, ಅನುಮಾನಪಡ್ರಿ. ಅಂಥ ರೋಲನ್ನ ದಾರ ಬಿಚ್ಚಿ ಬಿಸಿಲಿಗೆ ಹರವಿ ಮೊದಲು ತಿನ್ನಿಸಿ ಮುಗಿಸಬೇಕು, ಪೇರಿಸಬಾರದು.

ಪೇರಿಸೋದು ಹೆಂಗೆ

ಕಾಕಾ ಮತ್ತು ನಾನು ಕೂಡಿ ಕಳೆದ ವರ್ಷ ಮಾಡಿದ್ದನ್ನ ಹೇಳ್ತೀನಿ. ಹೊಸ ಶೆಡ್ಡು ಕಟ್ಟಲಿಲ್ಲ, ದನದ ಕೊಟ್ಟಿಗೆಗೆ ಹತ್ತಿಕೊಂಡೂ ಇಡಲಿಲ್ಲ. ಹೊಲದ ಸಾಮಾನು ಇಡೋ ಹಳೇ ಪತ್ರಾಸಿನ ಶೆಡ್ಡಿನ ಅರ್ಧ ಖಾಲಿ ಮಾಡಿದ್ವಿ.

ನೆಲಕ್ಕೆ ಒಡೆದ ಶಹಾಬಾದ್ ಫರ್ಸಿ ತುಂಡುಗಳನ್ನ ಸಾಲಾಗಿ ಇಟ್ಟು, ಅದರ ಮೇಲೆ ತೊಗರಿ ಕಟ್ಟಿಗಿ ಅಡ್ಡಡ್ಡ ಹಾಸಿದ್ವಿ. ಕೆಳಗೆ ಗಾಳಿ ಆಡಬೇಕು, ಅದಷ್ಟೇ ಉದ್ದೇಶ. ಗೋಡೆಗೆ ರೋಲು ತಾಗದಂಗೆ ಒಂದು ಅಡಿ ಜಾಗ ಬಿಟ್ಟೆವು. ಪತ್ರಾಸಿಗೂ ಮೇಲಿನ ರೋಲಿಗೂ ನಡುವೆ ಎರಡು ಅಡಿ. ಯಾಕಂದ್ರೆ ಡಿಸೆಂಬರ್ ರಾತ್ರಿ ಪತ್ರಾಸು ತಣ್ಣಗಾದಾಗ ಒಳಗಿನ ಬೆಚ್ಚನೆ ಗಾಳಿಯ ತೇವ ಅದಕ್ಕೆ ತಾಗಿ ಹನಿಯಾಗಿ ಬೀಳ್ತದೆ. ಮಳೆ ಇಲ್ಲದೇ ಶೆಡ್ಡಿನೊಳಗೆ ಹುಲ್ಲು ತೊಯ್ಯೋದು ಹಿಂಗೆ. ಎದುರುಬದುರು ಗೋಡೆಯಲ್ಲಿ ಮೇಲಕ್ಕೆ ಕಿಂಡಿ ಇದ್ದರೆ ಆ ಗಾಳಿ ಹೊರಗೆ ಹೋಗ್ತದೆ.

ಕೆಳಗಿನ ರೋಲುಗಳನ್ನ ಚಪ್ಪಟೆ ತುದಿಯ ಮೇಲೆ ನಿಲ್ಲಿಸಿದ್ವಿ. ಆ ಕಡೆ ಗಟ್ಟಿ, ಭಾರ ತಡೀತದೆ, ಉರುಳಲ್ಲ. ಮಕ್ಕಳು ಮೇಲೆ ಹತ್ತಿ ಆಡೋ ಮನೆಯಾದರೆ ಇದು ಇನ್ನೂ ಮುಖ್ಯ. ಎತ್ತರ ಜಾಸ್ತಿ ಮಾಡಬ್ಯಾಡ್ರಿ, ಕೈಗೆ ಎಟುಕುವಷ್ಟು ಸಾಕು. ಮೊದಲ ಮೂರು ವಾರ ಎರಡು ದಿನಕ್ಕೊಮ್ಮೆ ಒಂದು ಕಬ್ಬಿಣದ ಸಲಾಕೆಯನ್ನ ರಾಶಿಯ ನಡುವೆ ತೂರಿಸಿ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಎಳೆದು ಮುಟ್ಟಿ ನೋಡ್ತಿದ್ವಿ. ಬೆಚ್ಚಗೆ ಇದ್ದರೆ ಗಮನ ಇಡಬೇಕು. ಕೈಯಲ್ಲಿ ಹಿಡಿಯೋಕೆ ಆಗದಷ್ಟು ಸುಟ್ಟರೆ ರಾಶಿಯನ್ನ ನೀವೇ ಕೆದಕಬ್ಯಾಡ್ರಿ. ಒಳಗಿನ ಕಾವಿಗೆ ಒಮ್ಮೆಲೆ ಗಾಳಿ ಸಿಕ್ಕರೆ ಭುಗಿಲ್ ಅಂತದೆ. ಮೊದಲು 101ಕ್ಕೋ 112ಕ್ಕೋ ಫೋನ್ ಮಾಡ್ರಿ.

ಶೆಡ್ಡು ಇಲ್ಲದವರು ರೋಲನ್ನೇ ಬಣಮಿ ಮಾಡಬೇಕು. ನೀರು ನಿಲ್ಲದ ಎತ್ತರದ ಜಾಗ, ಕೆಳಗೆ ಕಲ್ಲು ಕಟ್ಟಿಗಿ, ಮೇಲೆ ಮೂರು, ಎರಡು, ಒಂದು ಅಂತ ಗೋಪುರದ ಹಂಗೆ ಪೇರಿಸಿ ತಾಡಪತ್ರಿ ಹೊದಿಸಬೇಕು. ತಾಡಪತ್ರಿ ಇಲ್ಲದೆ ಈ ಗೋಪುರ ಮಾಡಬಾರದು. ಮೇಲಿನ ರೋಲಿನಿಂದ ಜಾರಿದ ನೀರು ಕೆಳಗಿನ ಎರಡರ ನಡುವಿನ ಸಂದಿಗೇ ಹೋಗ್ತದೆ. ಎರಡು ತುದಿ ಗಾಳಿಗೆ ತೆರೆದಿರಲಿ. ತಾಡಪತ್ರಿಯಲ್ಲಿ ಗುಂಡಿ ಬೀಳದಂಗೆ ಎಳೆದು ಕಟ್ಟಿ.

ಎಲ್ಲೇ ಇಡಿ, ಮೇಲೆ ಕರೆಂಟ್ ವೈರ್ ಇರಬಾರದು, ಒಲೆ ಹತ್ತಿರ ಇರಬಾರದು, ಬೀಡಿ ಸೇದೋರು ನೆರಳಿಗೆ ಅಂತ ಬಂದು ಕೂಡೋ ಜಾಗ ಆಗಬಾರದು. ಬ್ಯಾಸಿಗಿಯಲ್ಲಿ ಬಣಮಿಗೆ ಬೆಂಕಿ ಅನ್ನೋ ಸುದ್ದಿ ನಮ್ಮ ಕಡೆ ಪ್ರತಿ ವರ್ಷ ಓದ್ತೀವಿ. ಅಲ್ಲಿ ಹಸಿ ಹುಲ್ಲಿನ ತಪ್ಪು ಇರಲ್ಲ, ಒಂದು ಕಿಡಿ ಸಾಕು. ಆಗುತ್ತೆ ಅನ್ನೋರು ಮೇವನ್ನ ಎರಡು ಕಡೆ ಹಂಚಿ ಇಡಿ.

ತಿನ್ನಿಸುವಾಗ ಎರಡು ಮಾತು

ಒಂದು, ಬೂಸ್ಟು ಹಿಡಿದದ್ದನ್ನ 'ದನ ತಾನೇ, ತಿಂತಾವ ಬಿಡು' ಅಂತ ಹಾಕಬ್ಯಾಡ್ರಿ. ಕೆಲವು ಬೂಸ್ಟುಗಳು ಅಫ್ಲಾಟಾಕ್ಸಿನ್ ಅನ್ನೋ ವಿಷ ಮಾಡ್ತವೆ. ಅದರ ಒಂದು ರೂಪ ಹಾಲಿಗೂ ಇಳೀತದೆ. ಆ ಹಾಲು ನಿಮ್ಮ ಚಹಾಕ್ಕೆ ಬರ್ತದೆ. ಕೊಳೆತ ಭಾಗ ತಿಪ್ಪೆಗೆ ಹೋಗಲಿ, ಗೊಬ್ಬರ ಆಗ್ತದೆ. ಬೂಸ್ಟಿನ ಧೂಳು ನಿಮ್ಮ ಎದೆಗೂ ಒಳ್ಳೇದಲ್ಲ, ಬಿಚ್ಚುವಾಗ ಮೂಗಿಗೆ ವಸ್ತ್ರ ಕಟ್ಟಿಕೊಳ್ಳಿ.

ಎರಡು, ರೋಲಿಗೆ ಸುತ್ತಿದ ಪ್ಲಾಸ್ಟಿಕ್ ದಾರವನ್ನ ಪೂರ್ತಿ ಬಿಚ್ಚಿ ತೆಗೀರಿ. ದನ ಹುಲ್ಲಿನ ಜೊತೆ ನುಂಗಿದರೆ ಅದು ಕರಗಲ್ಲ, ಹೊಟ್ಟೆಯಲ್ಲಿ ಉಂಡೆ ಕಟ್ಟುತ್ತೆ. ನಮ್ಮ ಶೆಡ್ಡಿನ ಬಾಗಿಲಿಗೆ ಒಂದು ಮೊಳೆ ಹೊಡೆದಿದ್ದೀವಿ. ಪ್ರತಿ ರೋಲಿನ ದಾರ ಅಲ್ಲಿಗೆ ಹೋಗ್ತದೆ. ದಾರ ಎಣಿಸಿದರೆ ಎಷ್ಟು ರೋಲು ಮುಗೀತು ಅಂತಲೂ ಗೊತ್ತಾಗ್ತದೆ.

ಕಳೆದ ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ಕಮಲಾಪುರಕ್ಕೆ ಹೋಗಿದ್ದೆ. ಮೊಳೆಯಲ್ಲಿದ್ದ ದಾರ ಎಣಿಸಿದೆ. ಇನ್ನೂ 11 ರೋಲು ಒಳಗಿದ್ವು, ಒಣಗಿದ್ವು. ಕೊನೇ ಸಾಲಿನ ಮೂರು ಮಾತ್ರ ಕೆಳಗೆ ಸ್ವಲ್ಪ ಕಂದಿದ್ವು. ಅಲ್ಲಿ ಫರ್ಸಿ ಸಾಕಾಗದೆ ಕಟ್ಟಿಗಿಯನ್ನ ನೆಲಕ್ಕೇ ಹಾಸಿದ್ವಿ.

ಕಾಕಾ ಒಂದು ಹಿಡಿ ಹುಲ್ಲು ಎಳೆದು ತಿರುಚಿದ್ರು. ಚಟ್ ಅಂತು. "ಈ ಸಲ ನಿನ್ನ ರೋಲಿಗೂ ಬಣಮಿ ಬುದ್ಧಿ ಬಂತು ನೋಡು ತಮ್ಮಾ" ಅಂದ್ರು. ಆಮೇಲೆ ಖಾಲಿ ಇದ್ದ ಮಣಕದ ಗ್ವಾದ್ಲಿ ಕಡೆ ನೋಡಿ, "ಮುಂದಿನ ವರ್ಷ ಒಂದು ಕರ ತರಬೇಕು" ಅಂದ್ರು.

ಈ ಸಂಚಿಕೆ ಕೇಳಿದ ಮೇಲೆ ಒಂದು ಕೆಲಸ ಮಾಡ್ರಿ. ಊರಿಗೆ ಫೋನ್ ಹಚ್ಚಿ ಮೇವು ಎಲ್ಲಿ ಇಟ್ಟಾರ ಅಂತ ಕೇಳ್ರಿ. ಸಲಹೆ ಕೊಡೋಕೆ ಅವಸರ ಮಾಡಬ್ಯಾಡ್ರಿ, ನನ್ನ ಹಂಗ. ಮೊದಲು ಒಂದು ರೋಲು ಉರುಳಿಸಿ ಅದರ ಕೆಳಭಾಗದ ಫೋಟೋ ಕಳಿಸ್ರಿ ಅಂತ ಹೇಳ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನಿ.